ಜೀಪು ನಿಲ್ಲಿಸಿದ ಜಾಗ

ಯಾದಗಿರಿ ಜಿಲ್ಲೆಯಲ್ಲಿ ಪರಿವೀಕ್ಷಣಾಧಿಕಾರಿಯಾಗಿ (ಪ್ರೊಬೇಷನ್ ಅಧಿಕಾರಿ) ಸೇರಿದ ಮೊದಲ ವರ್ಷ, ಅಪರಾಧ ಪ್ರಕರಣದಲ್ಲಿ ಸಿಕ್ಕ ಮಕ್ಕಳ ಹಿನ್ನೆಲೆಯ ಬಗ್ಗೆ ನಾನು ಬರೆದ ಸಾಮಾಜಿಕ ತನಿಖಾ ವರದಿಗಳೆಲ್ಲ ಒಂದೇ ಅಚ್ಚಿನಲ್ಲಿ ಒತ್ತಿದಂತಿವೆ: ಬಡ ಕುಟುಂಬ, ಕುಡುಕ ತಂದೆ, ಕೆಟ್ಟ ಸಹವಾಸ. ಗುಲ್ಬರ್ಗಾ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರ ಓದಿದ್ದ ನನಗೆ, ಅಪರಾಧವನ್ನು ವಿವರಿಸಲು ಬಡತನಕ್ಕೆ ಮರ್ಟನ್, ಸಹವಾಸಕ್ಕೆ ಸದರ್‌ಲ್ಯಾಂಡ್ ಎಂಬ ಸಮಾಜಶಾಸ್ತ್ರಜ್ಞರಿದ್ದಾರೆಂಬ ಧೈರ್ಯವಿತ್ತು. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ, ಮಗುವನ್ನು ಬಾಲನ್ಯಾಯ ಮಂಡಳಿಯ ಮುಂದೆ ಮೊದಲು ಹಾಜರುಪಡಿಸಿದ 15 ದಿನಗಳೊಳಗೆ ವರದಿ ಸಲ್ಲಿಕೆಯಾಗಬೇಕಾದ್ದರಿಂದ, ಅಚ್ಚು ಅನುಕೂಲಕರವೂ ಆಗಿತ್ತು.

ಅದು ಒಡೆದದ್ದು ಶಹಾಪುರದ ಕಡೆಯ ಒಂದು ಹಳ್ಳಿಯಲ್ಲಿ. (ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.) ಹದಿನೈದರ ಹುಡುಗ, ಪಟ್ಟಣದಲ್ಲಿ ಮೊಬೈಲ್ ಎತ್ತಿಕೊಂಡ ಪ್ರಕರಣ. ತಂದೆತಾಯಿ ಕಟ್ಟಡ ಕೆಲಸಕ್ಕೆಂದು ಬೆಂಗಳೂರಿಗೆ ಗುಳೆ ಹೋಗಿದ್ದರು. ಮನೆಯಲ್ಲಿ ಅಜ್ಜಿ ಒಬ್ಬರೇ. ನಾನು ಕಚೇರಿಯ ಜೀಪನ್ನು ಚಹಾದಂಗಡಿಯ ಮುಂದೆಯೇ ನಿಲ್ಲಿಸಿ, ಹುಡುಗನ ಹೆಸರು ಹೇಳಿ ಮನೆ ಎಲ್ಲಿ ಎಂದು ಕೇಳಿದೆ. ಬಸಿಗೆ ಚಹಾ ಸುರಿದುಕೊಂಡಿದ್ದ ಹಿರಿಯರೊಬ್ಬರು ಅದನ್ನು ತುಟಿಗೆ ಒಯ್ಯದೆ ಹಾಗೆಯೇ ಹಿಡಿದು, "ಏನ್ ಮಾಡ್ಯಾನ್ರೀ ಸಾಹೇಬ್ರ ಅಂವ?" ಎಂದರು. ಏನೂ ಇಲ್ಲ ಎಂದೆ. ಏನೂ ಇಲ್ಲದೆ ಜೀಪು ಬರುವುದಿಲ್ಲವೆಂದು ಅಲ್ಲಿ ಕುಳಿತಿದ್ದವರಿಗೆಲ್ಲ ಗೊತ್ತಿತ್ತು.

ಮಂಡಳಿಯು ಬುದ್ಧಿವಾದ ಹೇಳಿ ಹುಡುಗನನ್ನು ಮನೆಗೆ ಕಳುಹಿಸಿತು. ಎರಡು ತಿಂಗಳ ಮೇಲೆ ನಾನು ಮತ್ತೆ ಹೋದಾಗ ಅವನು ಊರಲ್ಲಿರಲಿಲ್ಲ. ಯಾರದೋ ಹೊಲದ ಪಂಪ್‌ಸೆಟ್ಟಿನ ಕೇಬಲ್ ಕಳುವಾದ ರಾತ್ರಿ ಜನ ಮೊದಲು ತಟ್ಟಿದ್ದು ಅವನ ಮನೆಯ ಬಾಗಿಲನ್ನು. ಕದ್ದವರು ಬೇರೆಯವರೆಂದು ತಿಳಿಯುವಷ್ಟರಲ್ಲಿ ಅವನು ಶಾಲೆ ಬಿಟ್ಟು ಬೆಂಗಳೂರಿನ ದಾರಿ ಹಿಡಿದಿದ್ದ. "ನೀವ್ ಬರೋತನಕ ಊರಾಗ ಯಾರಿಗೂ ಗೊತ್ತಿದ್ದಿಲ್ರೀ," ಎಂದರು ಅಜ್ಜಿ, ಸಿಟ್ಟಿಲ್ಲದೆ.

ಅಮೆರಿಕದ ವಿದ್ವಾಂಸ ಫ್ರಾಂಕ್ ಟ್ಯಾನೆನ್‌ಬಾಮ್ 1938ರಲ್ಲೇ ಹೇಳಿದ್ದು ಇದನ್ನೇ: ಮಗುವನ್ನು ಹಿಡಿದು, ಹೆಸರಿಟ್ಟು, ಎಲ್ಲರೆದುರು ಎತ್ತಿ ತೋರಿಸುವ ಪ್ರಕ್ರಿಯೆಯೇ ಅವನನ್ನು ಆ ಹೆಸರಿಗೆ ತಕ್ಕವನನ್ನಾಗಿ ಮಾಡುತ್ತದೆ. ಮುಂದೆ 1951ರಲ್ಲಿ ಸಮಾಜಶಾಸ್ತ್ರಜ್ಞ ಲೆಮರ್ಟ್, ಮೊದಲ ತಪ್ಪು ಬೇರೆ, ಸಮಾಜದ ಪ್ರತಿಕ್ರಿಯೆಗೆ ಉತ್ತರವಾಗಿ ಹುಟ್ಟುವ ಎರಡನೆಯದು ಬೇರೆ ಎಂದು ವಿಂಗಡಿಸಿದ. ಪರೀಕ್ಷೆಯಲ್ಲಿ ಇವೆರಡನ್ನೂ ಚೆನ್ನಾಗಿಯೇ ಬರೆದಿದ್ದೆ. ಆದರೆ ಹಣೆಪಟ್ಟಿ ಹಚ್ಚುವವರೆಂದರೆ ಪೊಲೀಸರು, ನ್ಯಾಯಾಲಯ, ಪತ್ರಿಕೆ ಎಂದುಕೊಂಡಿದ್ದೆನೇ ಹೊರತು, ಮಗುವಿನ ಹಿತಕ್ಕೆಂದೇ ನೇಮಕವಾದ ನಾನೂ ಆ ಸಾಲಿನಲ್ಲಿದ್ದೇನೆಂದು ಹೊಳೆದಿರಲಿಲ್ಲ. ಕಾಯ್ದೆಯ 3ನೇ ಕಲಮಿನಲ್ಲಿ ಕಳಂಕ ತರುವ ಪದಗಳನ್ನು ಬಳಸಬಾರದೆಂದೂ, ಮಗುವಿನ ಖಾಸಗಿತನ ಕಾಪಾಡಬೇಕೆಂದೂ ಇದೆ. ನಾನು ವರದಿಯಲ್ಲಿ 'ಆರೋಪಿ' ಎಂದು ಬರೆಯದಂತೆ ಬಹಳ ಎಚ್ಚರ ವಹಿಸುತ್ತಿದ್ದೆ. ಜೀಪು ಆ ಪದವನ್ನು ನನಗಿಂತ ಮೊದಲೇ ಊರಿಗೆ ತಲುಪಿಸಿತ್ತು.

ಈಗ ಹಳ್ಳಿಗಳಿಗೆ ಬಸ್ಸಿನಲ್ಲಿ ಹೋಗುತ್ತೇನೆ. ಸಾಧ್ಯವಾದರೆ ಮನೆಯವರನ್ನು ಸಂತೆಯ ದಿನ ಪಟ್ಟಣದಲ್ಲೇ ಭೇಟಿಯಾಗುತ್ತೇನೆ. ಇದಕ್ಕೆ ಹೆಚ್ಚು ಸಮಯ ಬೇಕು, 15 ದಿನಗಳ ಗಡುವೇನೂ ಹಿಗ್ಗುವುದಿಲ್ಲ. ವರದಿಯಲ್ಲಿ 'ಕೆಟ್ಟ ಸಹವಾಸ' ಎಂದು ಬರೆಯುವ ಬದಲು, ಅಪ್ಪ ಅವ್ವ ಯಾವ ತಿಂಗಳಿಂದ ಯಾವ ತಿಂಗಳವರೆಗೆ ಗುಳೆ ಹೋಗಿರುತ್ತಾರೆ, ಆಗ ಮಗು ಎಲ್ಲಿ ಉಣ್ಣುತ್ತದೆ ಎಂಬ ಸಾಲೊಂದನ್ನು ನಾನಾಗಿಯೇ ಸೇರಿಸುತ್ತೇನೆ.