ಬೆನ್ನು ನೋಯದ ಹಾಗೆ ಹೊಟ್ಟೆ ಗಟ್ಟಿ ಮಾಡೋದು ಹೇಗೆ ಅಂತ ಕೇಳುವವರಿಗೆ

ನಾನು ಫಿಸಿಯೋಥೆರಪಿಸ್ಟ್. ಮೈಸೂರಿನಲ್ಲಿ 16 ವರ್ಷದಿಂದ ಇದೇ ಕೆಲಸ. ಹಾಲಿನ ಬೂತ್ ಮುಂದೆ ಕೇಳುತ್ತಾರೆ, ಮದುವೆ ಊಟದ ಪಂಕ್ತಿಯಲ್ಲಿ ಕೇಳುತ್ತಾರೆ, ಒಮ್ಮೆ ಒಬ್ಬರು ತಿಥಿ ಮನೆಯ ಅಂಗಳದಲ್ಲೂ ಕೇಳಿದರು. "ಮೇಡಂ, ಬೆನ್ನು ನೋಯದ ಹಾಗೆ ಹೊಟ್ಟೆ ಕರಗಿಸೋಕೆ ಒಂದೇ ಒಂದು ಎಕ್ಸರ್‌ಸೈಜ್ ಹೇಳಿಬಿಡಿ." ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಬರೆದಿಡುತ್ತೇನೆ, ಇನ್ನು ಕೇಳಿದವರಿಗೆಲ್ಲ ಇದನ್ನೇ ಕಳಿಸುತ್ತೇನೆ.

ಮೊದಲು ಆ "ಕರಗಿಸೋದು" ಬಿಡಿ. ಬೆಣ್ಣೆಯಾದರೆ ಬೆಂಕಿ ತಾಗಿದ ಕಡೆ ಕರಗುತ್ತದೆ. ಮೈಯ ಕೊಬ್ಬು ಹಾಗೆ ಮಾತು ಕೇಳುವುದಿಲ್ಲ. ಹೊಟ್ಟೆಯ ಸ್ನಾಯುವನ್ನು ಎಷ್ಟು ದುಡಿಸಿದರೂ ಅದರ ಮೇಲೆ ಕೂತ ಕೊಬ್ಬೇ ಮೊದಲು ಹೋಗಬೇಕು ಅಂತೇನಿಲ್ಲ. ಅದು ನಿಮ್ಮ ತಟ್ಟೆ, ನಿಮ್ಮ ನಡಿಗೆ, ನಿಮ್ಮ ನಿದ್ದೆಯ ಲೆಕ್ಕ. ಸ್ನಾಯು ಗಟ್ಟಿ ಮಾಡೋದು ಬೇರೆ ಕೆಲಸ. ಅದನ್ನು ನಾನು ಹೇಳಿಕೊಡಬಲ್ಲೆ.

ಇನ್ನು "ಒಂದೇ ಒಂದು". ಅದು ಯಾವುದು ಅಂತ ಕೇಳುವವರು ಮೊದಲೇ ತೀರ್ಮಾನ ಮಾಡಿಕೊಂಡು ಬಂದಿರುತ್ತಾರೆ. ಸಿಟ್-ಅಪ್, ಅಂದರೆ ಅಂಗಾತ ಮಲಗಿ ಸೊಂಟ ಬಾಗಿಸಿ ಎದ್ದು ಕೂರೋದು. ನಾನು ಹೂಂ ಅಂದರೆ ಸಾಕು ಅವರಿಗೆ. ಹೂಂ ಅನ್ನೋಲ್ಲ. ಯಾಕೆ ಅಂತ ಕೇಳಿ.

ಮೂರು ವರ್ಷದ ಹಿಂದೆ ತಂಗಿಯ ಮನೆ ಗೃಹಪ್ರವೇಶ. ಊಟಕ್ಕೆ ಎಲೆ ಹಾಕುವುದು ಇನ್ನೂ ತಡ ಇತ್ತು. ನಮ್ಮ ಚಿಕ್ಕಪ್ಪ, ಆಗ 54 ವರ್ಷ, "ದಿನಾ ಎದ್ದ ತಕ್ಷಣ ಐವತ್ತು ಹೊಡೀತೀನಿ, ನೋಡು ನೀನು, ಸರಿ ಇದೆಯಾ ಹೇಳು" ಅಂತ ಜಮಖಾನದ ಮೇಲೆ ಮಲಗಿಯೇಬಿಟ್ಟರು. ಹೊಸ ಸೋಫಾದ ಪ್ಲಾಸ್ಟಿಕ್ ಕವರ್ ಇನ್ನೂ ತೆಗೆದಿರಲಿಲ್ಲ. ಅದರ ಕೆಳಗೆ ಪಾದ ಸಿಕ್ಕಿಸಿದರು. ಎರಡೂ ಕೈ ಕುತ್ತಿಗೆ ಹಿಂದೆ. ಬೇಡ ಚಿಕ್ಕಪ್ಪ ಅಂದೆ, ಕೇಳಲಿಲ್ಲ. ಕೈಯಿಂದ ಕುತ್ತಿಗೆ ಎಳೆದುಕೊಂಡು, ಸೊಂಟ ಬಿಲ್ಲಿನ ಹಾಗೆ ಬಾಗಿಸಿ ಏಳುತ್ತಿದ್ದರು. ಮಕ್ಕಳು ಸುತ್ತ ನಿಂತು ಎಣಿಸುತ್ತಿದ್ದವು. "ಹನ್ನೊಂದು" ಅಂತ ಕೂಗಿದವು, ಚಿಕ್ಕಪ್ಪ ಅರ್ಧಕ್ಕೆ ನಿಂತರು. ಮಕ್ಕಳು ಇನ್ನೊಂದು ಸಲ "ಹನ್ನೊಂದು" ಅಂದವು. ಏಳಲೂ ಇಲ್ಲ, ಮಲಗಲೂ ಇಲ್ಲ. ಎಡಗೈ ನೆಲಕ್ಕೆ ಊರಿ ಮೆಲ್ಲಗೆ ಪಕ್ಕಕ್ಕೆ ಹೊರಳಿದರು. ಹಣೆಯ ವಿಭೂತಿ ಬೆವರಿಗೆ ಹುಬ್ಬಿನವರೆಗೆ ಇಳಿದಿತ್ತು.

ನಾಲ್ಕು ದಿನದಲ್ಲಿ ನೋವು ಎಡಗಾಲಿನ ಹೆಬ್ಬೆರಳಿಗೆ ಬಂತು. ಸೀನಿದರೆ ಪ್ರಾಣ ಹೋಗುತ್ತೆ ಅಂದರು. ಎಂಆರ್‌ಐ ಮಾಡಿಸಿದಾಗ ಎಲ್4-ಎಲ್5 ಡಿಸ್ಕ್, ಅಂದರೆ ಸೊಂಟದ ನಾಲ್ಕನೇ, ಐದನೇ ಬೆನ್ನುಮೂಳೆಯ ನಡುವಿನ ಮೆತ್ತೆ, ಉಬ್ಬಿ ನರವನ್ನು ಒತ್ತುತ್ತಿತ್ತು. ಅದು ಆ ಹನ್ನೊಂದರಿಂದ ಆದದ್ದಲ್ಲ. ತಿಂಗಳುಗಟ್ಟಲೆ ದಿನಾ ಬೆಳಿಗ್ಗೆ ಹೊಡೆದ ಐವತ್ತು ಎಲ್ಲವೂ ಸೇರಿ ಆಗಿರಬೇಕು.

ಸಿಟ್-ಅಪ್ ಮಾಡಿದವರಿಗೆಲ್ಲ ಹೀಗಾಗುತ್ತೆ ಅಂತ ನಾನು ಹೇಳುತ್ತಿಲ್ಲ, ಕಾಮೆಂಟಿನಲ್ಲಿ ಜಗಳಕ್ಕೆ ಬರಬೇಡಿ. ಆದರೆ ಲೆಕ್ಕ ನೋಡಿ. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದಲ್ಲಿ ಸ್ಟುವರ್ಟ್ ಮೆಕ್‌ಗಿಲ್ ಅನ್ನುವವರು ದಶಕಗಟ್ಟಲೆ ಬೆನ್ನುಮೂಳೆಯನ್ನೇ ಅಭ್ಯಾಸ ಮಾಡಿದರು. ಒಂದು ಸಿಟ್-ಅಪ್‌ನಲ್ಲಿ ಸೊಂಟದ ಮೇಲೆ ಬೀಳುವ ಒತ್ತಡ ಸುಮಾರು 3,300 ನ್ಯೂಟನ್ ಅಂತ ಅವರ ಅಳತೆ. ಅಂದರೆ 50 ಕೆಜಿಯ ಆರು ಅಕ್ಕಿ ಮೂಟೆಗಿಂತ ಜಾಸ್ತಿ. ಭಾರ ಎತ್ತುವ ಕೆಲಸಗಾರರ ಸೊಂಟಕ್ಕೆ ಕೆಲಸಗಾರರ ಸುರಕ್ಷತೆ ನೋಡುವ ಅಮೆರಿಕದ ನಿಯೋಶ್ ಸಂಸ್ಥೆ ಹಾಕಿದ ಗೆರೆಯೇ ಸುಮಾರು 3,400. ಇದರ ಜೊತೆಗೆ ಸೋಯಸ್ ಅನ್ನುವ ಸ್ನಾಯು ಇದೆ. ಅದು ಸೊಂಟದ ಭಾಗದ ಬೆನ್ನುಮೂಳೆಯಿಂದ ಹೊರಟು ತೊಡೆಯ ಮೂಳೆಗೆ ಅಂಟಿಕೊಂಡಿದೆ. ಪಾದ ಸೋಫಾ ಕೆಳಗೆ ಸಿಕ್ಕಿಸಿ ಎದ್ದರೆ ಇದರ ಎಳೆತ ಜಾಸ್ತಿಯಾಗುತ್ತದೆ, ಎಳೆಯುವುದು ಬೆನ್ನುಮೂಳೆಯನ್ನು. ಬೆಳಿಗ್ಗೆ ಎದ್ದ ತಕ್ಷಣವಂತೂ ಮಾಡಲೇಬಾರದು. ರಾತ್ರಿ ಮಲಗಿದಾಗ ಡಿಸ್ಕ್‌ಗಳು ನೀರು ಹೀರಿಕೊಂಡು ಉಬ್ಬಿರುತ್ತವೆ. ಆಗ ಬಗ್ಗಿದರೆ ಹೊರೆ ಇನ್ನೂ ಜಾಸ್ತಿ. ಒಂದು ಗಂಟೆ ಓಡಾಡಿ, ಆಮೇಲೆ ಬಗ್ಗಿ.

"ಸೈನ್ಯದಲ್ಲೇ ಮಾಡಿಸ್ತಾರಲ್ಲ" ಅನ್ನುತ್ತಾರೆ. ಅಮೆರಿಕದ ಸೈನ್ಯ ದಶಕಗಳ ಕಾಲ ಪರೀಕ್ಷೆಯಲ್ಲಿ ಸಿಟ್-ಅಪ್ ಇಟ್ಟಿತ್ತು, ಕೈಬಿಟ್ಟಿತು. 2022ರಿಂದ ಆ ಜಾಗದಲ್ಲಿ ಮೊಣಕೈ, ಕಾಲ್ಬೆರಳು ಊರಿ ಮೈಯನ್ನು ಹಲಗೆಯ ಹಾಗೆ ನೆಟ್ಟಗೆ ಹಿಡಿಯುವ ಪ್ಲ್ಯಾಂಕ್ ಇದೆ.

ಹೊಟ್ಟೆಯ ಸ್ನಾಯುವಿನ ಮುಖ್ಯ ಕೆಲಸ ಸೊಂಟವನ್ನು ಅಲುಗದ ಹಾಗೆ ಹಿಡಿಯೋದು. ನಮ್ಮ ಗರಡಿ ಮನೆಗಳಲ್ಲಿ ಗದೆ ತಿರುಗಿಸುವವರನ್ನು ಹತ್ತಿರದಿಂದ ನೋಡಿ. ಗದೆ ಬೆನ್ನ ಹಿಂದಿನಿಂದ ಸುತ್ತಿ ಬರುವಾಗ ಹೆಗಲು ತಿರುಗುತ್ತದೆ, ಸೊಂಟ ಕಂಬದ ಹಾಗೆ ನಿಂತಿರುತ್ತದೆ. ಅದೇ ಹೊಟ್ಟೆಯ ಬಲ.

ಸರಿ, ಮಾಡೋದು ಏನು? ಮೆಕ್‌ಗಿಲ್ ಹೇಳಿದ ಮೂರನ್ನೇ ನಾನೂ ಕಲಿಸುತ್ತೇನೆ. ಅಂಗಾತ ಮಲಗಿ, ಒಂದು ಮಂಡಿ ಮಡಿಚಿ, ಇನ್ನೊಂದು ಕಾಲು ಚಾಚಿ. ಎರಡೂ ಅಂಗೈ ಸೊಂಟದ ಟೊಳ್ಳಿನ ಕೆಳಗೆ. ಆ ಟೊಳ್ಳು ಚಪ್ಪಟೆ ಆಗಬಾರದು, ಕೈ ಇರುವುದೇ ಅದನ್ನು ಕಾಯೋಕೆ. ಈಗ ತಲೆ, ಹೆಗಲು ಒಟ್ಟಿಗೆ ನೆಲದಿಂದ ಸ್ವಲ್ಪವೇ ಎತ್ತಿ, 10 ಸೆಕೆಂಡ್ ಹಿಡಿದು ಇಳಿಸಿ. ನೋಡುವವರಿಗೆ ಏನೂ ಮಾಡಿದ ಹಾಗೆ ಕಾಣಬಾರದು. ಎರಡನೆಯದು, ಪಕ್ಕಕ್ಕೆ ಮಲಗಿ ಮೊಣಕೈ, ಮಂಡಿ ಊರಿ ಸೊಂಟ ಎತ್ತೋದು. ಮೂರನೆಯದು, ಅಂಬೆಗಾಲಿನಲ್ಲಿ ನಿಂತು ಬಲಗೈ, ಎಡಗಾಲು ಚಾಚೋದು, ಆಮೇಲೆ ಇನ್ನೊಂದು ಜೋಡಿ. ಎಲ್ಲವೂ ಹತ್ತತ್ತು ಸೆಕೆಂಡ್. ಮೊದಲು ಆರು ಸಲ, ಸ್ವಲ್ಪ ಬಿಟ್ಟು ನಾಲ್ಕು, ಆಮೇಲೆ ಎರಡು. ಹೊಟ್ಟೆಯನ್ನು ಒಳಗೆ ಎಳೆದುಕೊಳ್ಳಬೇಡಿ. ಆಟಕ್ಕೆ ಮಗು ಹೊಟ್ಟೆಗೆ ಗುದ್ದೋಕೆ ಬಂದಾಗ ಬಿಗಿ ಮಾಡುತ್ತೀರಲ್ಲ, ಹಾಗೆ. ಉಸಿರು ಕಟ್ಟಬೇಡಿ.

ನೋವು ಮಂಡಿಯಿಂದ ಕೆಳಗೆ ಇಳಿಯುತ್ತಿದ್ದರೆ, ಪಾದ ಜೋಮು ಹಿಡಿದಿದ್ದರೆ ಮೊದಲು ಡಾಕ್ಟರ್. ಮೂತ್ರದ ಹಿಡಿತ ತಪ್ಪಿದರೆ, ತೊಡೆಸಂದು ಮರಗಟ್ಟಿದರೆ ಅವತ್ತೇ ಆಸ್ಪತ್ರೆ. ವ್ಯಾಯಾಮ ಆಮೇಲೆ.

ನೀವು ಕೇಳಿದ್ದಕ್ಕೆ ಉತ್ತರ ಇಷ್ಟೇ. ಯಾರೂ ಕೇಳದ ಪ್ರಶ್ನೆ ಒಂದಿದೆ, ನನಗೆ ಅದೇ ಮುಖ್ಯ.

ಚಿಕ್ಕಪ್ಪನಿಗೆ ಕಲಿಸೋಕೆ ಅವರ ಮನೆಗೆ ಹೋಗುತ್ತಿದ್ದೆನಲ್ಲ, ಒಂದು ದಿನ ಚಿಕ್ಕಮ್ಮ ಅಡುಗೆಮನೆಯಲ್ಲಿ ಗ್ರೈಂಡರ್ ಕಲ್ಲು ಎತ್ತಿ ಇಳಿಸಿ, ಸೊಂಟದ ಮೇಲೆ ಕೈ ಇಟ್ಟು ಹಾಗೇ ನಿಂತುಬಿಟ್ಟರು. ಏನಾಯ್ತು ಅಂದೆ. "ಏನಿಲ್ಲ ಕಣೇ, ಇದು ಇದ್ದದ್ದೇ. ಎರಡನೇದು ಹುಟ್ಟಿದಾಗಿನಿಂದ ಹೀಗೇ. ಇಪ್ಪತ್ತಾರು ವರ್ಷ ಆಯ್ತು." ಇಪ್ಪತ್ತಾರು ವರ್ಷ! ನಾನು ಆ ಮನೆಗೆ ಎಷ್ಟು ಸಲ ಹೋಗಿ ಊಟ ಮಾಡಿ ಬಂದಿದ್ದೇನೆ. ಮಂಚದ ಮೇಲೆ ಮಲಗಿಸಿ, ತಲೆ ಸ್ವಲ್ಪ ಎತ್ತಿ ಚಿಕ್ಕಮ್ಮ ಅಂದೆ. ಹೊಟ್ಟೆಯ ನಡುವೆ ಉದ್ದಕ್ಕೂ ಕಡುಬಿನ ಬೆನ್ನಿನ ಹಾಗೆ ಉಬ್ಬಿತು. ಹೊಕ್ಕಳ ಮೇಲೆ ಬೆರಳಿಟ್ಟೆ. ಮೂರು ಬೆರಳು ಒಳಗೆ ಹೋಯಿತು.

ಬಸಿರಿನಲ್ಲಿ ಹೊಟ್ಟೆಯ ಮುಂದಿನ ಎರಡು ಪಟ್ಟಿ ಸ್ನಾಯು ಆಚೀಚೆ ಸರಿಯುತ್ತವೆ, ನಡುವಿನ ಪದರ ಹಿಗ್ಗುತ್ತದೆ. ಹೆರಿಗೆ ಆದ ಮೇಲೆ ಎಷ್ಟೋ ಜನಕ್ಕೆ ತಾನೇ ಹತ್ತಿರ ಬರುತ್ತದೆ, ಕೆಲವರಿಗೆ ಬರುವುದಿಲ್ಲ. ಬಾಣಂತನದಲ್ಲಿ ಹೊಟ್ಟೆಗೆ ಬಟ್ಟೆ ಬಿಗಿಯುತ್ತಾರಲ್ವಾ, ಕಟ್ಟಿರುವಷ್ಟು ಹೊತ್ತು ಅದು ಆಸರೆ. ಬಿಚ್ಚಿದ ಮೇಲೆ ಆ ಕೆಲಸ ಸ್ನಾಯುವೇ ಮಾಡಬೇಕು. ಅದಕ್ಕೆ ಮತ್ತೆ ಕಲಿಸಬೇಕು ಅಂತ ಚಿಕ್ಕಮ್ಮನಿಗೆ ಯಾರೂ ಹೇಳಲಿಲ್ಲ. ಎಣ್ಣೆ ನೀರು ಆಯಿತು, ಪಥ್ಯ ಆಯಿತು, ತೊಟ್ಟಿಲು ಶಾಸ್ತ್ರ ಆಯಿತು, ಆಮೇಲೆ ಬಿಂದಿಗೆ ಕೈಗೆ ಬಂತು. ಇಂಥವರು ನನ್ನನ್ನು ಪಂಕ್ತಿಯಲ್ಲಿ ಕೂತು ಕೇಳುವುದಿಲ್ಲ. ಗಂಡನನ್ನೋ ಅತ್ತೆಯನ್ನೋ ತೋರಿಸೋಕೆ ಕರೆದುಕೊಂಡು ಬಂದು, ಹೊರಡುವಾಗ ಬಾಗಿಲ ಹತ್ತಿರ ದನಿ ತಗ್ಗಿಸಿ ಅರ್ಧ ಹೇಳಿ ಹೋಗುತ್ತಾರೆ. ದಯವಿಟ್ಟು ಜೋರಾಗಿ ಕೇಳಿ. ಕೆಮ್ಮಿದರೆ ಹೊಟ್ಟೆ ಉಬ್ಬುತ್ತೆ, ಬಕೆಟ್ ಎತ್ತಿದರೆ ಸೊಂಟ ಹಿಡಿಯುತ್ತೆ, ಇದಕ್ಕೆ ಏನಾದರೂ ಇದೆಯಾ ಅಂತ ಕೇಳಿ. ಇದೆ.

ಚಿಕ್ಕಮ್ಮನಿಗೆ ತಲೆ ಎತ್ತುವ ವ್ಯಾಯಾಮ ಮೊದಲು ಕೊಡಲಿಲ್ಲ, ಅದರಿಂದ ಉಬ್ಬು ಜಾಸ್ತಿ ಆಗುತ್ತಿತ್ತು. ಮಂಡಿ ಮಡಿಚಿ ಮಲಗಿ, ಉಸಿರು ಬಿಡುತ್ತಾ ಹೊಟ್ಟೆ ಮೆಲ್ಲಗೆ ಬಿಗಿ ಮಾಡಿ, ಒಂದೊಂದೇ ಹಿಮ್ಮಡಿ ಮುಂದಕ್ಕೆ ಜಾರಿಸೋದು. ಎದ್ದೇಳುವಾಗ ಪಕ್ಕಕ್ಕೆ ಹೊರಳಿ ಕೈ ಊರಿ ಏಳೋದು. ಭಾರ ಎತ್ತುವಾಗ ಉಸಿರು ಬಿಡೋದು. ಆಮೇಲೆ ಅಂಬೆಗಾಲಿನದು ಸೇರಿಸಿದೆ. ಎಂಟು ತಿಂಗಳಿಗೆ ಮೂರು ಬೆರಳು ಎರಡಾಯಿತು. ಪೂರ್ತಿ ಮುಚ್ಚಿಲ್ಲ, ಮುಚ್ಚುತ್ತೆ ಅಂತ ನಾನು ಮಾತೂ ಕೊಟ್ಟಿರಲಿಲ್ಲ. ಆದರೆ ಗ್ರೈಂಡರ್ ಕಲ್ಲು ಎತ್ತಿ ಸೊಂಟ ಹಿಡಿದು ನಿಲ್ಲುವುದು ನಿಂತಿದೆ.

ಹೋದ ಭಾನುವಾರ ಚಿಕ್ಕಮ್ಮ ಪಕ್ಕದ ಮನೆಯ ಸೊಸೆಯನ್ನು ಕರೆದುಕೊಂಡು ಬಂದಿದ್ದರು. ಮಗುವಿಗೆ ನಾಲ್ಕು ತಿಂಗಳು. ಆ ಹುಡುಗಿ ಸಂಕೋಚದಿಂದ ಬಾಗಿಲಲ್ಲೇ ನಿಂತಿದ್ದಳು. ನಾನು ಕೈ ತೊಳೆದು ಬರುವಷ್ಟರಲ್ಲಿ ಚಿಕ್ಕಮ್ಮ ಅವಳನ್ನು ಮಲಗಿಸಿ, "ತಲೆ ಸ್ವಲ್ಪ ಎತ್ತಮ್ಮ" ಅಂತ ಹೊಕ್ಕಳ ಮೇಲೆ ಬೆರಳಿಟ್ಟು ನೋಡುತ್ತಿದ್ದರು.