ಹಳೆಯ ಝಡ್‌ಡಬ್ಲ್ಯು ಟ್ರಾನ್ಸ್‌ಫಾರ್ಮರ್, ಹೊಸ ಎಂಜಿನ್

ಅಮೆರಿಕದ ಆಟಿಕೆ ರೈಲು ಕಂಪನಿ ಲಯೊನೆಲ್‌ನ 275 ವ್ಯಾಟ್ ಝಡ್‌ಡಬ್ಲ್ಯು ಟ್ರಾನ್ಸ್‌ಫಾರ್ಮರಿನ ಸುರುಳಿಗಳು ಇವತ್ತಿಗೂ ಗಟ್ಟಿ. ಆದರೆ ಕರೆಂಟ್ ಮಿತಿಮೀರಿದಾಗ ಕಡಿಯಬೇಕಾದ ಒಳಗಿನ ಬ್ರೇಕರ್ ಬಿಸಿಯಾದ ಮೇಲಷ್ಟೇ ಬೀಳುತ್ತದೆ. ಅಷ್ಟರಲ್ಲಿ ಹೊಸ ಎಂಜಿನ್ನಿನ ಸರ್ಕ್ಯೂಟ್ ಬೋರ್ಡ್ ಸುಟ್ಟಿರಬಹುದು. ಆ ಬ್ರೇಕರ್ ಕೂಡ ಇರುವುದು ಎಲ್ಲ ಔಟ್‌ಪುಟ್‌ಗಳಿಗೂ ಸೇರಿದ ಕಾಮನ್ ತಂತಿಯಲ್ಲಿ. ಹಾಗಾಗಿ ರೈಲು ಓಡಿಸುವ ಎ, ಡಿ ಎರಡೂ ಔಟ್‌ಪುಟ್‌ಗಳಿಗೆ ಬೇರೆ ಬೇರೆಯಾಗಿ 10 ಆಂಪಿಯರಿನ ಫಾಸ್ಟ್ ಫ್ಯೂಸ್ ಹಾಕಲೇಬೇಕು.

ಫ್ಯೂಸ್ ಒಂದೇ ಸಾಲದು. ಗಾಲಿ ಹಳಿ ತಪ್ಪಿ ಕಿಡಿ ಹಾರಿದಾಗ ಕರೆಂಟ್ ತಟ್ಟನೆ ಕಡಿದು, ಸುರುಳಿಯಿಂದ ಕ್ಷಣಮಾತ್ರದ ಹೈವೋಲ್ಟೇಜ್ ಎದ್ದು ಬರುತ್ತದೆ. ಅಷ್ಟು ಚಿಕ್ಕ ಹೊತ್ತಿನಲ್ಲಿ ಫ್ಯೂಸ್ ಹೋಗದು. ಅದಕ್ಕೆ ಇಂಥ ಹೈವೋಲ್ಟೇಜನ್ನು ಹೀರಿಕೊಳ್ಳುವ 1.5ಕೆಇ36ಸಿಎ ಟಿವಿಎಸ್ ಡಯೋಡನ್ನು ನಡುಹಳಿಗೂ ಹೊರಹಳಿಗೂ ನಡುವೆ, ಹಳಿಯ ಹತ್ತಿರವೇ ಬೆಸೆಯಿರಿ. 20 ವೋಲ್ಟ್ ಎಸಿಯ ಅಲೆಯ ತುದಿ ಸುಮಾರು 28 ವೋಲ್ಟ್‌ವರೆಗೆ ಏರುತ್ತದೆ, ಅಲ್ಲಿಯವರೆಗೂ ಡಯೋಡ್ ಸುಮ್ಮನಿರುತ್ತದೆ. 'ಸಿಎ' ಅಕ್ಷರ ನೋಡಿಯೇ ಕೊಳ್ಳಿ. ಬರೀ 'ಎ' ಇದ್ದರೆ ಅದು ಎಸಿಯ ಅರ್ಧ ಅಲೆಯನ್ನು ಶಾರ್ಟ್ ಮಾಡುತ್ತದೆ.

ಪ್ಲಗ್ ವೈರಿನ ರಬ್ಬರು ಬಿರುಕು ಬಿಟ್ಟಿದ್ದರೆ ಇದೆಲ್ಲಕ್ಕೂ ಮೊದಲು ಅದನ್ನೇ ಬದಲಿಸಿ.