ಸ್ಪ್ರೇ ಇಲ್ಲದೆ ವ್ಯಾನಿಗೆ ನುಣುಪಾದ ಬಣ್ಣ

ನಮ್ಮ ಕ್ಯಾಂಪರ್ ವ್ಯಾನಿಗೆ ರೋಲರ್ ಮತ್ತು ಬ್ರಷ್ಷಿನಿಂದಲೇ ಎನಾಮೆಲ್ ಬಣ್ಣ ಬಳಿದು ಮುಗಿಸಿದೆ. ಬಣ್ಣವನ್ನು ತೆಳುವಾಗಿ ಹಚ್ಚಬೇಕು, ಹಚ್ಚಿದ ಮೇಲೆ ಮುಟ್ಟಬಾರದು ಎಂಬ ಎರಡು ಮಾತನ್ನು ಮನಸ್ಸಿಗೆ ತಂದುಕೊಳ್ಳಲು ನನಗೆ ಒಂದಿಡೀ ಬಾಗಿಲು ಹಾಳಾಗಬೇಕಾಯಿತು.

ದಿನಗಳ ಲೆಕ್ಕದಲ್ಲಿ ನೋಡಿದರೆ ಕೆಲಸದ ಬಹುಪಾಲು ಬಣ್ಣದ ಡಬ್ಬಿ ತೆರೆಯುವ ಮೊದಲೇ ಇರುತ್ತದೆ. ಉಜ್ಜುವುದಕ್ಕೆ ಮುನ್ನವೇ ವ್ಯಾನನ್ನು ಸೋಪಿನ ನೀರಿನಿಂದ ತೊಳೆದು, ಜಿಡ್ಡು ತೆಗೆಯುವ ದ್ರಾವಕದಿಂದ ಒರೆಸಬೇಕು. ಇಲ್ಲವಾದರೆ ಹಳೆಯ ಪಾಲಿಶಿನ ಮೇಣ ಉಜ್ಜಿದ ಗೀರುಗಳೊಳಗೆ ಸೇರಿಕೊಂಡು, ಹೊಸ ಬಣ್ಣ ಅಲ್ಲಲ್ಲಿ ಹಿಂದೆ ಸರಿದು ಮೀನಿನ ಕಣ್ಣಿನಂಥ ಗುಳಿಗಳನ್ನು ಬಿಡುತ್ತದೆ. ತುಕ್ಕನ್ನು ಹೊಳೆಯುವ ಲೋಹ ಕಾಣುವವರೆಗೂ ಕೆರೆದು, ಅದೇ ದಿನ ಪ್ರೈಮರ್ ಹಚ್ಚಿದೆ. ಹಳೆಯ ಬಣ್ಣದ ಅಂಚುಗಳನ್ನು 240ರ (ಸಂಖ್ಯೆ ಹೆಚ್ಚಿದಷ್ಟೂ ಕಾಗದ ನುಣುಪು) ಸ್ಯಾಂಡ್‌ಪೇಪರಿನಿಂದ ಇಳಿಜಾರಾಗಿಸಿ, ಕುಳಿಗಳಿಗೆ ಪುಟ್ಟಿ ತುಂಬಿ, ಪ್ರೈಮರ್ ಒಣಗಿದ ಮೇಲೆ 600ರ ವಾಟರ್ ಪೇಪರಿನಿಂದ ನೀರು ಹಾಕಿ ಉಜ್ಜಿದೆ. ಕಣ್ಣಿಗಿಂತ ಅಂಗೈಯನ್ನು ನಂಬುವುದು ಒಳ್ಳೆಯದು: ಕಣ್ಣು ಮುಚ್ಚಿ ಕೈಯಾಡಿಸಿದಾಗ ಅಂಚು ಸಿಕ್ಕಿದರೆ, ಹೊಳಪಿನ ಬಣ್ಣ ಅದನ್ನು ಮುಚ್ಚುವುದಿಲ್ಲ, ಎತ್ತಿ ತೋರಿಸುತ್ತದೆ. ಹಳೆಯ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಇರುವುದರಿಂದ ಉಜ್ಜುವಾಗ ಸರಿಯಾದ ಮಾಸ್ಕ್ ಧರಿಸಲೇಬೇಕು.

ಬಣ್ಣವನ್ನು ನೈಲಾನ್ ಬಟ್ಟೆಯಲ್ಲಿ ಸೋಸಿ, ಹತ್ತು ಪಾಲಿಗೆ ಸುಮಾರು ಒಂದು ಪಾಲಿನಂತೆ, ಡಬ್ಬಿಯ ಮೇಲೆ ಹೇಳಿರುವ ಥಿನ್ನರ್ ಬೆರೆಸಿದೆ. ನಾಲ್ಕು ಇಂಚಿನ ಸ್ಪಂಜಿನ ರೋಲರಿನಿಂದ ಎರಡು ಅಡಿ ಅಗಲದ ಪಟ್ಟಿಗೆ ಬಣ್ಣ ಹಚ್ಚಿದಾಗ ಮೇಲೆಲ್ಲ ಸಣ್ಣ ಗುಳ್ಳೆಗಳು ಏಳುತ್ತವೆ. ಆಗ ಮೆತ್ತನೆಯ ಒಳ್ಳೆಯ ಬ್ರಷ್ಷನ್ನು ಒತ್ತದೆ, ಅದರ ತೂಕ ಮಾತ್ರ ಬೀಳುವಂತೆ, ಮೇಲಿನಿಂದ ಕೆಳಕ್ಕೆ ಒಂದೇ ದಿಕ್ಕಿನಲ್ಲಿ ಒಮ್ಮೆ ಎಳೆಯಬೇಕು. ಗುಳ್ಳೆ ಒಡೆದು ಉಳಿಯುವ ಸಣ್ಣ ಗೆರೆಗಳು ನೋಡುನೋಡುತ್ತಲೇ ಕರಗಿ, ಮೇಲ್ಮೈ ತಾನೇ ಸಮನಾಗುತ್ತದೆ. ಆ ಪಟ್ಟಿಯ ಅಂಚು ಹಸಿಯಾಗಿರುವಾಗಲೇ ಮುಂದಿನದಕ್ಕೆ ಹೋಗಬೇಕಾದ್ದರಿಂದ, ಒಂದು ಬದಿಯನ್ನು ಆರಂಭಿಸಿದ ಮೇಲೆ ನಡುವೆ ನಿಲ್ಲಿಸುವಂತಿಲ್ಲ.

ಪಕ್ಕದ ಬಾಗಿಲಿನಲ್ಲಿ ನಾನು ತಪ್ಪಿದ್ದು ಇಲ್ಲಿಯೇ. ಹಚ್ಚಿ ಹದಿನೈದು ನಿಮಿಷವಾದ ಮೇಲೆ ಹಿಡಿಯ ಕೆಳಗೆ ಬಣ್ಣ ತೆಳುವಾದ ಒಂದು ಜಾಗ ಕಂಡಿತು. ಬ್ರಷ್ ತೆಗೆದುಕೊಂಡು ಅದನ್ನು ಸರಿಪಡಿಸಲು ಹೋದೆ. ಅಷ್ಟರಲ್ಲಿ ಬಿಗಿಯತೊಡಗಿದ್ದ ಬಣ್ಣ ಬ್ರಷ್ಷಿಗೆ ಅಂಟಿ ಎಳೆದುಕೊಂಡು ಬಂತು, ಬಾಚಣಿಗೆಯಿಂದ ಬಾಚಿದಂಥ ಗೆರೆಗಳು ಹಾಗೆಯೇ ನಿಂತವು. ಅದನ್ನು ಮುಚ್ಚಲು ಇನ್ನಷ್ಟು ಬಣ್ಣ ಬಳಿದಾಗ ದಪ್ಪವಾಗಿ ಸೋರಿ, ಮೇಲೆ ತೊಗಲು ಕಟ್ಟಿ ಒಳಗೆ ಹಸಿಯಾಗಿಯೇ ಉಳಿಯಿತು. ಪೂರ್ತಿ ಗಟ್ಟಿಯಾಗಲು ಒಂದು ವಾರ ಬಿಟ್ಟು, ಇಡೀ ಬಾಗಿಲನ್ನು ಉಜ್ಜಿ ಮತ್ತೆ ಮೊದಲಿನಿಂದ ಮಾಡಿದೆ.

ಮೊದಲ ಕೋಟು ಯಾವಾಗಲೂ ನಿರಾಸೆಯನ್ನೇ ತರುತ್ತದೆ: ಪ್ರೈಮರ್ ಇಣುಕುತ್ತದೆ, ಮೋಡ ಕವಿದಂತೆ ಕಾಣುತ್ತದೆ. ಅದನ್ನು ಹಾಗೆಯೇ ಬಿಡುವ ಧೈರ್ಯ ಬೇಕು. ನಾನು ನಾಲ್ಕು ಕೋಟು ಹಚ್ಚಿದೆ. ಪ್ರತಿಯೊಂದಕ್ಕೂ ಒಂದು ಪೂರ್ತಿ ದಿನ ಬಿಟ್ಟು, 800ರ ವಾಟರ್ ಪೇಪರಿನಿಂದ ಹಗುರವಾಗಿ ಉಜ್ಜಿ, ಒಣಗಿಸಿ, ಅಂಟು ಬಟ್ಟೆಯಿಂದ ಧೂಳು ಒರೆಸಿದೆ. ಬಿಸಿಲಿನಲ್ಲಿ ಕಾದ ತಗಡಿನ ಮೇಲೆ ಬಣ್ಣ ಹರಡಿಕೊಳ್ಳುವ ಮೊದಲೇ ಬಿಗಿಯುತ್ತದೆ, ಸಂಜೆಯ ಮಂಜು ಬಿದ್ದರೆ ಹೊಳಪು ಮಂಕಾಗುತ್ತದೆ. ಆದ್ದರಿಂದ ಗಾಳಿಯಿಲ್ಲದ ಬೆಳಗಿನ ಹೊತ್ತನ್ನು, ನೆರಳನ್ನು ಆರಿಸಿಕೊಂಡೆ. ಕೊನೆಯ ಕೋಟಿನಲ್ಲಿ ಮಾಸ್ಕಿಂಗ್ ಟೇಪನ್ನು ಬಣ್ಣ ಪೂರ್ತಿ ಗಟ್ಟಿಯಾಗುವ ಮೊದಲೇ ಹಿಂದಕ್ಕೆ ಮಡಚಿ ನಿಧಾನವಾಗಿ ಎಳೆದರೆ ಬಣ್ಣದ ಅಂಚು ಕಿತ್ತುಬರುವುದಿಲ್ಲ.

ಆ ಬಾಗಿಲಿನ ಮೇಲೆ ಈಗ ರಾತ್ರಿ ಟಾರ್ಚನ್ನು ಓರೆಯಾಗಿ ಹಿಡಿದರೆ ಬೆಳಕು ಮುರಿಯದೆ ಹರಿಯುತ್ತದೆ. ಹಿಂದಿನ ದೀಪದ ಬಳಿ ಒಂದು ಸಣ್ಣ ಕೀಟ ಬಣ್ಣದಲ್ಲಿ ಸಿಕ್ಕಿಕೊಂಡಿದೆ. ಕೆಲವು ವಾರ ಕಳೆದು ಎನಾಮೆಲ್ ಒಳಗಿನವರೆಗೂ ಗಟ್ಟಿಯಾದ ಮೇಲೆ 2000ರ ಕಾಗದದಿಂದ ಅದನ್ನು ತೆಗೆದು ಪಾಲಿಶ್ ಮಾಡುತ್ತೇನೆ, ಅಲ್ಲಿಯವರೆಗೆ ಮುಟ್ಟುವುದಿಲ್ಲ.